ವಾಟ್ ಹೆಚ್ಚಿದ್ದರೆ ಧೂಳು ಹೆಚ್ಚು ಹೋದೀತೆ?

ಅಂಗಡಿಯಲ್ಲಿ ಎರಡು ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದಾರೆ ಎನ್ನಿ. ಒಂದರ ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ‘1600 ವಾಟ್’ ಎಂದಿದೆ. ಇನ್ನೊಂದರ ಮೇಲೆ ‘1000 ವಾಟ್’. ಬೆಲೆಯಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಯಾವುದನ್ನು ಕೊಳ್ಳುತ್ತೀರಿ? ಹೆಚ್ಚಿನವರ ಕೈ ಮೊದಲನೆಯದರತ್ತಲೇ ಹೋಗುತ್ತದೆ. ವಾಟ್ ಹೆಚ್ಚು, ಆದ್ದರಿಂದ ಬಲ ಹೆಚ್ಚು. ಬಲ ಹೆಚ್ಚು, ಆದ್ದರಿಂದ ಸ್ವಚ್ಛತೆ ಹೆಚ್ಚು. ತರ್ಕವೇನೋ ಸರಿಯಾಗಿಯೇ ಕೇಳಿಸುತ್ತದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ.

ಪೆಟ್ಟಿಗೆಯ ಮೇಲಿನ ವಾಟ್ ಸಂಖ್ಯೆ ಹೇಳುವುದು ಯಂತ್ರ ಎಷ್ಟು ವಿದ್ಯುತ್ತನ್ನು ‘ತಿನ್ನುತ್ತದೆ’ ಎಂಬುದನ್ನು. ಎಷ್ಟು ‘ದುಡಿಯುತ್ತದೆ’ ಎಂಬುದನ್ನಲ್ಲ. ಎರಡು ಮುದ್ದೆ ಹೆಚ್ಚಿಗೆ ಉಂಡವನು ಹೊಲದಲ್ಲಿ ಎರಡು ಸಾಲು ಹೆಚ್ಚಿಗೆ ಉಳುತ್ತಾನೆಂದು ಹೇಳಲು ಬಂದೀತೆ? ವಿದ್ಯುತ್ ದೀಪಗಳ ವಿಷಯದಲ್ಲಿ ಈ ಪಾಠವನ್ನು ಎಲ್ಲರೂ ಆಗಲೇ ಕಲಿತಾಗಿದೆ. ಹಿಂದೆ 60 ವಾಟ್‌ನ ತಂತಿ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಇಂದಿನ ಎಲ್‌ಇಡಿ ಬಲ್ಬು ಸುಮಾರು 9 ವಾಟ್‌ನಲ್ಲೇ ಕೊಡುತ್ತದೆ. ವ್ಯಾಕ್ಯೂಮ್ ಕ್ಲೀನರ್‌ನ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅದೇ. ತಿಂದದ್ದು ಎಷ್ಟು ಎಂದಲ್ಲ, ಮಾಡಿದ್ದು ಎಷ್ಟು? ಹಾಗೆಯೇ ಇನ್ನೊಂದು ಪ್ರಶ್ನೆ: ಎಷ್ಟು ವರ್ಷ ಮಾಡೀತು?

ಸಾವಿರಾರು ರೂಪಾಯಿ ಕೊಟ್ಟು ತರುವ ವಸ್ತು ಇದು. ಮನೆಯಲ್ಲಿ ಉಬ್ಬಸದ ಮಗುವೊಂದಿದ್ದರೆ ದುಡ್ಡಿಗಿಂತ ದೊಡ್ಡ ವಿಷಯವೂ ಅದರ ಮೇಲೆ ನಿಂತಿರುತ್ತದೆ. ಆದ್ದರಿಂದ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿ ತಿಳಿದಿರುವುದು ಒಳ್ಳೆಯದು. ಹೈಸ್ಕೂಲಿನ ಭೌತಶಾಸ್ತ್ರವೇ ಅದಕ್ಕೆ ಸಾಕು.

ಎಳೆಯುವುದಲ್ಲ, ತಳ್ಳುವುದು

ಮೊದಲು ಯಂತ್ರದ ಹುಟ್ಟನ್ನು ನೋಡೋಣ. 1901ರಲ್ಲಿ ಲಂಡನ್ನಿನ ಎಂಪೈರ್ ಮ್ಯೂಸಿಕ್ ಹಾಲ್‌ನಲ್ಲಿ ಧೂಳು ತೆಗೆಯುವ ಯಂತ್ರವೊಂದರ ಪ್ರದರ್ಶನ ನಡೆಯಿತು. ಅದು ಗಾಳಿಯನ್ನು ಊದಿ ಧೂಳೆಬ್ಬಿಸುವ ಯಂತ್ರ. ಎದ್ದ ಧೂಳಿನಲ್ಲಿ ಬಹುಪಾಲು ಮತ್ತೆ ಅಲ್ಲೇ ಬಂದು ಕೂರುತ್ತಿತ್ತು! ಇದನ್ನು ನೋಡಿದ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರ್, ಊದುವ ಬದಲು ಹೀರಬಾರದೇಕೆ ಎಂದು ಕೇಳಿದ. ಅದು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಬೂತ್ ಸುಮ್ಮನಾಗಲಿಲ್ಲ. ಹೋಟೆಲಿನ ಕುರ್ಚಿಯೊಂದರ ಮೇಲೆ ಕರವಸ್ತ್ರ ಹಾಸಿ, ಬಾಯಿ ಇಟ್ಟು ಜೋರಾಗಿ ಉಸಿರೆಳೆದ. ಕೆಮ್ಮಿ ಕೆಮ್ಮಿ ಸುಸ್ತಾದ. ಆದರೆ ಕರವಸ್ತ್ರದ ಕೆಳಬದಿಯಲ್ಲಿ ಧೂಳಿನ ಕಪ್ಪು ಗುರುತು ಮೂಡಿತ್ತು. ಬಟ್ಟೆ ಗಾಳಿಯನ್ನು ಬಿಟ್ಟು ಧೂಳನ್ನು ಹಿಡಿದಿತ್ತು. ವ್ಯಾಕ್ಯೂಮ್ ಕ್ಲೀನರ್‌ನ ತತ್ವ ಅಷ್ಟೇ.

ಬೂತ್ ಕಟ್ಟಿದ ಯಂತ್ರ ಕುದುರೆ ಗಾಡಿಯ ಮೇಲೆ ಬರುತ್ತಿತ್ತು. ಪೆಟ್ರೋಲ್ ಇಂಜಿನ್ನಿನ ಆ ಯಂತ್ರವನ್ನು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಗಳ ಮೂಲಕ ಮನೆಯೊಳಕ್ಕೆ ಬಿಡುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಶುಚಿ ಮಾಡಿದ್ದು ಇದೇ ಯಂತ್ರ.

ಯಂತ್ರ ಧೂಳನ್ನು ‘ಎಳೆಯುತ್ತದೆ’ ಎನ್ನುವುದು ಮಾತಿನ ರೂಢಿ. ನಿಜವಾಗಿ ಧೂಳನ್ನು ತಳ್ಳುವುದು ಹೊರಗಿನ ಗಾಳಿ. ವಾಯುಮಂಡಲದ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೊಪಾಸ್ಕಲ್. ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು. ಯಂತ್ರದೊಳಗಿನ ಮೋಟಾರು ಫ್ಯಾನನ್ನು ಅತಿ ವೇಗದಿಂದ ತಿರುಗಿಸಿ ಒಳಗಿನ ಗಾಳಿಯನ್ನು ಹಿಂದಿನಿಂದ ಹೊರದಬ್ಬುತ್ತದೆ. ಆಗ ಒಳಗಿನ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಗಾಳಿ ಕೊಳವೆಯ ಬಾಯಿಂದ ಒಳನುಗ್ಗುತ್ತದೆ. ದಾರಿಯಲ್ಲಿ ಸಿಕ್ಕಿದ ಧೂಳನ್ನೂ ತಳ್ಳಿಕೊಂಡು ಹೋಗುತ್ತದೆ. ಹೆಸರಿನಲ್ಲಿ ‘ನಿರ್ವಾತ’ ಇದ್ದರೂ ಒಳಗೆ ಪೂರ್ಣ ನಿರ್ವಾತವೇನೂ ಆಗುವುದಿಲ್ಲ. ಕೊಳವೆಯ ಬಾಯನ್ನು ಪೂರ್ತಿ ಮುಚ್ಚಿದರೂ ಒಳ್ಳೆಯ ಯಂತ್ರವೊಂದು ಒತ್ತಡವನ್ನು ಸುಮಾರು 20 ಕಿಲೊಪಾಸ್ಕಲ್‌ನಷ್ಟು, ಎಂದರೆ ಐದರಲ್ಲಿ ಒಂದು ಪಾಲಿನಷ್ಟು, ತಗ್ಗಿಸಬಲ್ಲದು.

ಇಲ್ಲೊಂದು ಸಣ್ಣ ಲೆಕ್ಕ. ಕೊಳವೆಯ ಬಾಯಿಯ ವ್ಯಾಸ 3.5 ಸೆಂಟಿಮೀಟರ್ ಆದರೆ ಅದರ ವಿಸ್ತೀರ್ಣ ಸುಮಾರು 9.6 ಚದರ ಸೆಂಟಿಮೀಟರ್. 20 ಕಿಲೊಪಾಸ್ಕಲ್ ವ್ಯತ್ಯಾಸವಿದ್ದರೆ ಅದನ್ನು ಮುಚ್ಚಿದ ಅಂಗೈಯನ್ನು ಹೊರಗಿನ ಗಾಳಿ ಸುಮಾರು 19 ನ್ಯೂಟನ್ ಬಲದಿಂದ, ಎಂದರೆ ಎರಡು ಕಿಲೋ ತೂಕದಷ್ಟು, ಒತ್ತುತ್ತದೆ. ಅಂಗಡಿಯವರು ‘ಕೈ ಇಟ್ಟು ನೋಡಿ’ ಎಂದಾಗ ಅನುಭವಕ್ಕೆ ಬರುವುದು ಇದೇ.

ಅಂಗೈಯ ಪರೀಕ್ಷೆ ಏಕೆ ಸಾಲದು?

ಆದರೆ ಅಂಗೈ ಅಂಟಿಕೊಂಡಾಗ ಕೊಳವೆಯಲ್ಲಿ ಗಾಳಿಯ ಹರಿವೇ ಇರುವುದಿಲ್ಲ. ಗಾಳಿ ಹರಿಯದಿದ್ದರೆ ಧೂಳೂ ಹೋಗುವುದಿಲ್ಲ. ಒತ್ತಡದ ವ್ಯತ್ಯಾಸ ಅತಿ ಹೆಚ್ಚು. ಆದರೆ ಕೆಲಸ ಸೊನ್ನೆ! ಕೈ ತೆಗೆದು ಕೊಳವೆಯನ್ನು ಪೂರ್ತಿ ತೆರೆದಿಟ್ಟಾಗ ಇದಕ್ಕೆ ವಿರುದ್ಧ. ಗಾಳಿಯ ಹರಿವು ಅತಿ ಹೆಚ್ಚು. ಆದರೆ ಕೊಳವೆಯ ಬಾಯಲ್ಲಿ ಒತ್ತಡದ ವ್ಯತ್ಯಾಸ ಸೊನ್ನೆಗೆ ಹತ್ತಿರ. ಕೆಲಸ ನಡೆಯುವುದು ಇವೆರಡರ ನಡುವೆ, ಯಂತ್ರದ ಮೂತಿ ನೆಲವನ್ನು ಮುಟ್ಟಿಯೂ ಮುಟ್ಟದಂತೆ ಇರುವಾಗ.

ಆದ್ದರಿಂದ ಯಂತ್ರದ ನಿಜವಾದ ದುಡಿಮೆಯನ್ನು ಅಳೆಯಲು ಎರಡನ್ನೂ ಗುಣಿಸಬೇಕು. ಒತ್ತಡದ ವ್ಯತ್ಯಾಸವನ್ನು ಪಾಸ್ಕಲ್‌ಗಳಲ್ಲೂ ಗಾಳಿಯ ಹರಿವನ್ನು ಸೆಕೆಂಡಿಗೆ ಘನಮೀಟರ್‌ಗಳಲ್ಲೂ ತೆಗೆದುಕೊಂಡು ಗುಣಿಸಿದರೆ ವಾಟ್ ಬರುತ್ತದೆ. ಉದಾಹರಣೆಗೆ, 8 ಕಿಲೊಪಾಸ್ಕಲ್ ವ್ಯತ್ಯಾಸದಲ್ಲಿ ಸೆಕೆಂಡಿಗೆ 30 ಲೀಟರ್ ಗಾಳಿ ಹರಿದರೆ, 8000ವನ್ನು 0.03ರಿಂದ ಗುಣಿಸಿ, 240 ವಾಟ್. ಇದಕ್ಕೆ ಏರ್‌ವಾಟ್ ಎಂದು ಹೆಸರು. 1200 ವಾಟ್ ತಿನ್ನುವ ಯಂತ್ರವೊಂದು 240 ಏರ್‌ವಾಟ್ ಕೊಟ್ಟರೆ, ಅದರ ದಕ್ಷತೆ ಶೇಕಡಾ 20. ಉಳಿದ ಶೇಕಡಾ 80 ಮೋಟಾರಿನ ಬಿಸಿಯಾಗಿ, ಕಿವಿಗಡಚಿಕ್ಕುವ ಸದ್ದಾಗಿ, ಕೊಳವೆಯ ಅಂಕುಡೊಂಕುಗಳಲ್ಲಿ ಗಾಳಿಯ ತಿಕ್ಕಾಟವಾಗಿ ವ್ಯರ್ಥ.

ಈಗ ಮಾರುಕಟ್ಟೆಗೆ ಬಂದಿರುವ ರೋಬೋ ಕ್ಲೀನರ್‌ಗಳ ಜಾಹೀರಾತಿನಲ್ಲಿ ‘5000 ಪಾಸ್ಕಲ್’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಐದು ಸಾವಿರ ಎಂದೊಡನೆ ಬೆರಗಾಗಬೇಕಿಲ್ಲ. ಅದು 5 ಕಿಲೊಪಾಸ್ಕಲ್. ಮೇಲೆ ಹೇಳಿದ 20 ಕಿಲೊಪಾಸ್ಕಲ್‌ನ ಕಾಲು ಭಾಗ. ಜೊತೆಗೆ ಗಾಳಿಯ ಹರಿವಿನ ಸಂಖ್ಯೆಯನ್ನು ಕೊಡದಿದ್ದರೆ, ಒಂದೇ ಸಂಖ್ಯೆಯಿಂದ ಗುಣಾಕಾರ ಮಾಡಲು ಬರುವುದಿಲ್ಲ. ರೋಬೋ ಕ್ಲೀನರ್ ದಿನವೂ ನೆಲದ ಮೇಲಿನ ಹಗುರ ಧೂಳನ್ನು ತೆಗೆಯಲು ಅನುಕೂಲವೇ ಹೌದು. ಆದರೆ ಸಂಖ್ಯೆಯ ಗಾತ್ರವನ್ನು ನೋಡಿ ಅದನ್ನು ದೊಡ್ಡ ಯಂತ್ರಕ್ಕೆ ಸಮ ಎಂದುಕೊಳ್ಳಬಾರದು.

ಏರ್‌ವಾಟ್ ಕೂಡ ಕೊನೆಯ ಮಾತಲ್ಲ. ಕಾರ್ಪೆಟ್ಟಿನ ಎಳೆಗಳ ಬುಡದಲ್ಲಿ ಸಿಕ್ಕಿಕೊಂಡ ಮರಳಿನ ಕಣವನ್ನು ಗಾಳಿಯೊಂದೇ ಎಬ್ಬಿಸಲಾರದು. ಅದನ್ನು ಮೊದಲು ಕೆದಕಬೇಕು. ಇದನ್ನು ಬೇಗನೆ ಕಂಡುಕೊಂಡವನು ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವನು ದೊಡ್ಡ ಮಳಿಗೆಯೊಂದರಲ್ಲಿ ಕಸ ಗುಡಿಸುವ ಕೆಲಸದವನು. ಅದರ ಮೇಲೆ ಅಸ್ತಮಾ ಕಾಯಿಲೆ. ಪೊರಕೆ ಹಿಡಿದರೆ ಉಬ್ಬಸ, ಬಿಟ್ಟರೆ ಹೊಟ್ಟೆಗಿಲ್ಲ! ಅವನು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಇವನ್ನೆಲ್ಲ ಜೋಡಿಸಿ, ಮೂತಿಯಲ್ಲಿ ತಿರುಗುವ ಬ್ರಷ್ ಇಟ್ಟು, ಕೈಯಲ್ಲಿ ಹಿಡಿದು ನಡೆಸಬಹುದಾದ ಯಂತ್ರ ಮಾಡಿಕೊಂಡ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಚರ್ಮದ ಸಾಮಾನುಗಳ ವ್ಯಾಪಾರಿ ವಿಲಿಯಂ ಹೂವರ್ ಅದರ ಹಕ್ಕನ್ನು ಕೊಂಡ. ಮುಂದೆ ಬ್ರಿಟನ್ನಿನಲ್ಲಿ ‘ಹೂವರ್’ ಎಂಬುದು ವ್ಯಾಕ್ಯೂಮ್ ಕ್ಲೀನರ್‌ಗೇ ಇನ್ನೊಂದು ಹೆಸರಾಗಿಬಿಟ್ಟಿತು. ತಿರುಗುವ ಬ್ರಷ್ ಇರುವ ಮೂತಿ ಕಡಿಮೆ ವಾಟ್‌ನಲ್ಲೂ ಕಾರ್ಪೆಟ್ಟನ್ನು ಚೆನ್ನಾಗಿ ಶುಚಿ ಮಾಡಬಲ್ಲದು. ಮೂತಿಯನ್ನು ನೋಡದೆ ಮೋಟಾರನ್ನು ಮಾತ್ರ ನೋಡುವುದು ನೇಗಿಲನ್ನು ನೋಡದೆ ಎತ್ತನ್ನು ಕೊಂಡಂತೆ.

ಯೂರೋಪಿನ ಅಳತೆಗೋಲು

ಹಾಗಾದರೆ ನಿಜವಾದ ಪರೀಕ್ಷೆ ಯಾವುದು? ಗೊತ್ತಾದ ತೂಕದ ಧೂಳನ್ನು ಹರಡಿ, ಯಂತ್ರವನ್ನು ಓಡಿಸಿ, ಎಷ್ಟು ಧೂಳು ಹೋಯಿತೆಂದು ತೂಗುವುದು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಪ್ರಯೋಗಾಲಯಗಳಲ್ಲಿ ಮಾಡುವುದೂ ಇದನ್ನೇ. ಗೊತ್ತಾದ ಬಗೆಯ ಕಾರ್ಪೆಟ್ಟಿನ ಮೇಲೆ ಚದರ ಮೀಟರಿಗೆ 125 ಗ್ರಾಂನಂತೆ ಖನಿಜದ ಪುಡಿಯನ್ನು ಸಮನಾಗಿ ಹರಡುತ್ತಾರೆ. ರೋಲರ್ ಉರುಳಿಸಿ ಅದನ್ನು ಎಳೆಗಳೊಳಕ್ಕೆ ಒತ್ತುತ್ತಾರೆ. ಯಂತ್ರದ ಮೂತಿಯನ್ನು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಐದು ಬಾರಿ ಹಿಂದೆ ಮುಂದೆ ಎಳೆಯುತ್ತಾರೆ. ಗಟ್ಟಿ ನೆಲದ ಪರೀಕ್ಷೆಗೆ ಸಂದು ಕೊರೆದ ಹಲಗೆಯನ್ನು ಬಳಸುತ್ತಾರೆ. ಸಂದಿನೊಳಗಿನ ಧೂಳೂ ಬರಬೇಕಲ್ಲ!

ಯೂರೋಪಿಯನ್ ಒಕ್ಕೂಟ ಇಂಥ ಪರೀಕ್ಷೆಗಳನ್ನು ಕಾನೂನಾಗಿಯೇ ಮಾಡಿತು. 2014ರ ಸೆಪ್ಟೆಂಬರ್ 1ರಿಂದ ಅಲ್ಲಿ 1600 ವಾಟ್‌ಗಿಂತ ಹೆಚ್ಚಿನ ಹೊಸ ಯಂತ್ರಗಳನ್ನು ಮಾರುಕಟ್ಟೆಗೆ ಬಿಡುವುದು ನಿಂತಿತು. 2017ರ ಸೆಪ್ಟೆಂಬರ್ 1ರಿಂದ ಮಿತಿ 900 ವಾಟ್‌ಗೆ ಇಳಿಯಿತು. ಕಡಿಮೆ ವಾಟ್‌ನಲ್ಲಿ ಕಸ ಹೋಗುವುದು ಹೇಗೆ ಎಂದು ಅನೇಕರು ಗೊಣಗಿದರು. ಆದರೆ ಕಾನೂನು ವಾಟ್ ಇಳಿಸಿದ್ದು ಮಾತ್ರವಲ್ಲ, ಕೆಲಸದ ಮಟ್ಟವನ್ನೂ ಏರಿಸಿತ್ತು. 2017ರ ನಿಯಮದಂತೆ ಯಂತ್ರ ಕಾರ್ಪೆಟ್ಟಿನ ಮೇಲಿನ ಪರೀಕ್ಷಾ ಧೂಳಿನಲ್ಲಿ ಕನಿಷ್ಠ ಶೇಕಡಾ 75ನ್ನು, ಗಟ್ಟಿ ನೆಲದ್ದರಲ್ಲಿ ಶೇಕಡಾ 98ನ್ನು ಎತ್ತಲೇಬೇಕು. ಹಿಂದಿನಿಂದ ಮತ್ತೆ ಹೊರಬರುವ ಧೂಳು ಶೇಕಡಾ 1ನ್ನು ಮೀರಬಾರದು. ಸದ್ದು 80 ಡೆಸಿಬೆಲ್ ದಾಟಬಾರದು. 900 ವಾಟ್‌ಗಿಂತ ಕಡಿಮೆ ತಿಂದು ಇಷ್ಟೆಲ್ಲ ಮಾಡುವ ಯಂತ್ರಗಳನ್ನು ತಯಾರಕರು ಮಾಡಿಯೇ ತೋರಿಸಿದರು. ಮೂತಿಯ ಆಕಾರ, ಫ್ಯಾನಿನ ರೆಕ್ಕೆ, ಗಾಳಿಯ ದಾರಿ ಇವನ್ನು ತಿದ್ದಿದರೆ ಸಾಕಾಗಿತ್ತು.

ಚೀಲ ಖಾಲಿ ಇದ್ದಾಗಿನ ಕಥೆ

ಇದರ ಜೊತೆಗೆ ಪ್ರತಿ ಯಂತ್ರದ ಮೇಲೂ ಒಂದು ಚೀಟಿ ಅಂಟಿಸಬೇಕಿತ್ತು. ವಿದ್ಯುತ್ ಬಳಕೆ, ಕಾರ್ಪೆಟ್ಟಿನ ಮೇಲಿನ ಕೆಲಸ, ಗಟ್ಟಿ ನೆಲದ ಮೇಲಿನ ಕೆಲಸ, ಹಿಂದೆ ಬರುವ ಗಾಳಿಯ ಶುದ್ಧತೆ ಇವಕ್ಕೆಲ್ಲ ಪರೀಕ್ಷೆಯ ಗ್ರೇಡುಗಳಂತೆ ದರ್ಜೆಗಳು. ಗ್ರಾಹಕರಿಗೆ ಇದಕ್ಕಿಂತ ಅನುಕೂಲ ಬೇಕೆ? ಆದರೆ ಈ ಚೀಟಿಯೇ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಬ್ರಿಟನ್ನಿನ ಡೈಸನ್ ಕಂಪನಿಯ ತಕರಾರು ಇಷ್ಟೇ. ಪರೀಕ್ಷೆಗಳನ್ನು ಧೂಳಿನ ಚೀಲ ಖಾಲಿ ಇದ್ದಾಗ ಮಾಡಲಾಗುತ್ತಿದೆ. ಮನೆಯಲ್ಲಿ ಯಾರೂ ಖಾಲಿ ಚೀಲದಿಂದಲೇ ಸದಾ ಗುಡಿಸುವುದಿಲ್ಲ. ಚೀಲ ತುಂಬುತ್ತಾ ಹೋದಂತೆ ಬಟ್ಟೆ ಅಥವಾ ಕಾಗದದ ರಂಧ್ರಗಳು ನಯವಾದ ಧೂಳಿನಿಂದ ಮುಚ್ಚಿಕೊಳ್ಳುತ್ತವೆ. ಗಾಳಿಯ ಹರಿವು ಕುಸಿಯುತ್ತದೆ. ಮೊದಲ ದಿನ ಉತ್ತಮ ದರ್ಜೆ ಪಡೆದ ಯಂತ್ರ ಹದಿನೈದನೆಯ ದಿನ ಹಾಗೆಯೇ ಇರುತ್ತದೆಂದು ಏನು ಖಾತರಿ? ಈ ಕಂಪನಿ ಚೀಲವಿಲ್ಲದ ಯಂತ್ರಗಳನ್ನು ಮಾಡುವುದರಿಂದ ವಾದದಲ್ಲಿ ಅದರ ಲಾಭವೂ ಇತ್ತೆಂಬುದನ್ನು ಮರೆಯಬಾರದು. ಆದರೂ ಪ್ರಶ್ನೆ ನ್ಯಾಯವಾದದ್ದೇ.

ಅಧಿಕಾರಿಗಳ ಉತ್ತರವನ್ನೂ ಕೇಳಬೇಕು. ಚೀಲ ತುಂಬಿಸಿ ಮಾಡುವ ಪರೀಕ್ಷೆಯಲ್ಲಿ ಬೇರೆ ಬೇರೆ ಪ್ರಯೋಗಾಲಯಗಳಿಗೆ ಒಂದೇ ಫಲಿತಾಂಶ ಬರುತ್ತದೆಂಬುದು ದೃಢಪಟ್ಟಿಲ್ಲ ಎಂದರು ಅವರು. ಮತ್ತೆ ಮತ್ತೆ ಮಾಡಿದಾಗಲೂ ಅದೇ ಉತ್ತರ ಬರಬೇಕು ಎಂಬುದು ವಿಜ್ಞಾನದ ಮೊದಲ ಪಾಠ ತಾನೆ? ಒಂದು ಕಡೆ ನಿಜ ಜೀವನಕ್ಕೆ ಹತ್ತಿರವಾದ, ಆದರೆ ಅಳೆಯಲು ಕಷ್ಟವಾದ ಪರೀಕ್ಷೆ. ಇನ್ನೊಂದು ಕಡೆ ಅಳೆಯಲು ಸುಲಭವಾದ, ಆದರೆ ನಿಜ ಜೀವನದಿಂದ ದೂರವಾದ ಪರೀಕ್ಷೆ. 2015ರಲ್ಲಿ ಡೈಸನ್ ಸೋತಿತು. 2017ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ ಮರುವಿಚಾರಣೆಗೆ ಕಳಿಸಿತು. ಕೊನೆಗೆ 2018ರ ನವೆಂಬರ್ 8ರಂದು ಚೀಟಿಯ ನಿಯಮವೇ ರದ್ದಾಯಿತು. ಬಳಕೆಯ ಸ್ಥಿತಿಗೆ ಆದಷ್ಟು ಹತ್ತಿರವಾಗಿ ಅಳೆಯಬೇಕಿತ್ತು ಎಂಬುದು ನ್ಯಾಯಾಲಯದ ನಿಲುವು. 2019ರ ಜನವರಿಯಿಂದ ಆ ಚೀಟಿ ಮಾಯವಾಯಿತು. ವಾಟ್ ಮಿತಿಯ ನಿಯಮ ಬೇರೆಯಾದ್ದರಿಂದ ಅದಕ್ಕೆ ಈ ತೀರ್ಪಿನಿಂದ ಧಕ್ಕೆಯಾಗಲಿಲ್ಲ.

ಚೀಲವೋ, ಸುಳಿಗಾಳಿಯೋ?

ಚೀಲವಿಲ್ಲದ ಯಂತ್ರದಲ್ಲಿ ಧೂಳನ್ನು ಬೇರ್ಪಡಿಸುವುದು ಸುಳಿಗಾಳಿ. ಬ್ರಿಟನ್ನಿನ ಜೇಮ್ಸ್ ಡೈಸನ್ 1979ರಿಂದ 1984ರ ನಡುವೆ 5127 ಮಾದರಿಗಳನ್ನು ಮಾಡಿ ಈ ವಿಧಾನವನ್ನು ಮನೆಯ ಯಂತ್ರಕ್ಕೆ ಹೊಂದಿಸಿದರು. ಮರದ ಕಾರ್ಖಾನೆಗಳಲ್ಲಿ ಹೊಟ್ಟನ್ನು ಬೇರ್ಪಡಿಸಲು ಮೊದಲೇ ಬಳಕೆಯಲ್ಲಿದ್ದ ಉಪಾಯವಿದು. ಗಾಳಿಯನ್ನು ಶಂಕುವಿನಾಕಾರದ ಪಾತ್ರೆಯಲ್ಲಿ ಗಿರ್ರನೆ ತಿರುಗಿಸಿದರೆ ಭಾರದ ಕಣಗಳು ಗೋಡೆಗೆ ಬಡಿದು ಕೆಳಗೆ ಬೀಳುತ್ತವೆ. ಗಾಳಿ ಮಾತ್ರ ನಡುವಿನಿಂದ ಮೇಲೇರಿ ಹೋಗುತ್ತದೆ. ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್, ತಿರುವಿನ ತ್ರಿಜ್ಯ 2 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ವೇಗೋತ್ಕರ್ಷ 20,000 ಬರುತ್ತದೆ. ಭೂಮಿಯ ಗುರುತ್ವದ ಸುಮಾರು ಎರಡು ಸಾವಿರ ಪಟ್ಟು!

ಹಾಗೆಂದು ಚೀಲವಿಲ್ಲದ್ದೇ ಎಲ್ಲ ಬಗೆಯಲ್ಲೂ ಮೇಲು ಎನ್ನಲಾಗದು. ಅತಿ ನಯವಾದ ಧೂಳು ಸುಳಿಯಿಂದ ತಪ್ಪಿಸಿಕೊಂಡು ಮುಂದಿನ ಸೋಸಕದಲ್ಲಿ ಕೂರುತ್ತದೆ. ಅದನ್ನು ಆಗಾಗ ತೊಳೆಯದಿದ್ದರೆ ಅಲ್ಲೂ ಗಾಳಿ ಕಟ್ಟಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಖಾಲಿ ಮಾಡುವಾಗ ಧೂಳು ಮುಖಕ್ಕೆ ಹಾರುತ್ತದೆ. ಉಬ್ಬಸದವರಿಗೆ ಇದು ಆಗದು. ಚೀಲದ ಯಂತ್ರದಲ್ಲಿ ಧೂಳು ಚೀಲದೊಳಗೇ ಮುಚ್ಚಿಕೊಂಡು ಹೋಗುತ್ತದೆ. ಆದರೆ ಚೀಲಗಳನ್ನು ಕೊಳ್ಳುತ್ತಲೇ ಇರಬೇಕು, ಮತ್ತು ಅವು ಹತ್ತಿರದಲ್ಲಿ ಸಿಗಬೇಕು.

ಹೆಪಾ ಎಂಬ ಸೋಸಕದ ಮಾತನ್ನು ಮಾರಾಟಗಾರರು ಆಗಾಗ ಆಡುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣಯುಕ್ತ ಕಣಗಳನ್ನು ಹಿಡಿಯಲು ಹುಟ್ಟಿದ ಸೋಸಕವಿದು. ಅಮೆರಿಕದ ಮಾನಕದಂತೆ ಇದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬೇಕು. ಎಂದರೆ ಹತ್ತು ಸಾವಿರಕ್ಕೆ ಮೂರು ಮಾತ್ರ ಪಾರಾಗಬಹುದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ತಲೆಕೂದಲಿನ ದಪ್ಪವೇ 50ರಿಂದ 100 ಮೈಕ್ರಾನ್. ಆದರೆ ಸೋಸಕ ಎಷ್ಟೇ ಒಳ್ಳೆಯದಿರಲಿ, ಅದನ್ನು ಕೂರಿಸಿದ ಜಾಗದಲ್ಲಿ ಬಿರುಕಿದ್ದರೆ ಗಾಳಿ ಸೋಸಕವನ್ನು ಬಳಸಿಕೊಂಡು ಹೊರಗೆ ಹೋಗುತ್ತದೆ. ಗಾಳಿ ಹುಡುಕುವುದು ಸುಲಭದ ದಾರಿಯನ್ನು. ಬಾಗಿಲಿಗೆ ಗಟ್ಟಿ ಬೀಗ ಹಾಕಿ ಹಿತ್ತಿಲನ್ನು ತೆರೆದಿಟ್ಟರೆ ಆದೀತೆ?

ಎಷ್ಟು ವರ್ಷ ಬಾಳೀತು?

ಇಲ್ಲಿಂದಲೇ ಗಟ್ಟಿತನದ ಪ್ರಶ್ನೆ ಶುರುವಾಗುತ್ತದೆ. ಹೊರಗಿನ ಪ್ಲಾಸ್ಟಿಕ್ಕಿನ ಹೊಳಪು ಗಟ್ಟಿತನವಲ್ಲ. ಯೂರೋಪಿನ 2013ರ ನಿಯಮ ಎರಡು ಪರೀಕ್ಷೆಗಳನ್ನು ಹೇಳಿತ್ತು. ಕೊಳವೆಯನ್ನು 40,000 ಬಾರಿ ಬಾಗಿಸಿ ಆಡಿಸಿದ ಮೇಲೂ ಅದು ಬಳಸುವಂತಿರಬೇಕು. ಮೋಟಾರು, ಧೂಳಿನ ಪಾತ್ರೆ ಅರ್ಧ ತುಂಬಿದ ಸ್ಥಿತಿಯಲ್ಲಿ, 500 ಗಂಟೆ ಬಾಳಬೇಕು. ಇಲ್ಲಿ ಪಾತ್ರೆ ಖಾಲಿ ಇಲ್ಲ ಎಂಬುದನ್ನು ಗಮನಿಸಿ! 500 ಗಂಟೆ ಕಡಿಮೆಯೆನಿಸಬಹುದು. ವಾರಕ್ಕೆ ಎರಡು ಬಾರಿ ಅರ್ಧ ಅರ್ಧ ಗಂಟೆ ಬಳಸಿದರೆ 500 ವಾರ, ಎಂದರೆ ಒಂಬತ್ತೂವರೆ ವರ್ಷಕ್ಕೂ ಹೆಚ್ಚು.

ತಂತಿ ಜೋಡಿಸಿ ಬಳಸುವ ಸಾಮಾನ್ಯ ಯಂತ್ರಗಳ ಮೋಟಾರಿನಲ್ಲಿ ಕಾರ್ಬನ್ ಬ್ರಷ್‌ಗಳಿರುತ್ತವೆ. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಭಾಗಕ್ಕೆ ಅವು ಉಜ್ಜುತ್ತಲೇ ಇರುವುದರಿಂದ ಸವೆಯುವುದು ಸಹಜ. ಮಿಕ್ಸಿಯಲ್ಲಿ ಬದಲಾಯಿಸುವಂತೆ ಇದರಲ್ಲೂ ಬದಲಾಯಿಸಬಹುದೇ, ಅದು ಊರಿನಲ್ಲೇ ಸಿಗುತ್ತದೆಯೇ ಎಂದು ಕೇಳಬೇಕು. ಬ್ಯಾಟರಿಯ ಹಗುರ ಯಂತ್ರಗಳಲ್ಲಿ ಬ್ರಷ್ ಇಲ್ಲದ ಮೋಟಾರು ಹೆಚ್ಚು ಬಳಕೆಯಲ್ಲಿದೆ. ಅದು ಸವೆಯುವುದು ಕಡಿಮೆ. ಆದರೆ ಅಲ್ಲಿ ಮೊದಲು ಕೈಕೊಡುವುದು ಬ್ಯಾಟರಿ. ಅದನ್ನು ಬಿಚ್ಚಿ ಬೇರೆ ಹಾಕಲು ಬಾರದಿದ್ದರೆ ಇಡೀ ಯಂತ್ರವೇ ಗುಜರಿಗೆ.

ಯಂತ್ರದ ಸದ್ದನ್ನು ಕೇಳಿಸಿಕೊಳ್ಳುವುದನ್ನೂ ಕಲಿಯಬೇಕು. ಕೊಳವೆ ಕಟ್ಟಿಕೊಂಡಾಗ ಸದ್ದು ಇದ್ದಕ್ಕಿದ್ದಂತೆ ಕೀರಲಾಗುತ್ತದೆ. ಮೋಟಾರಿಗೆ ಹೆಚ್ಚು ಶ್ರಮವಾಗುತ್ತಿದೆ ಎಂದು ಅನೇಕರು ಭಾವಿಸುತ್ತಾರೆ. ನಿಜ ಸಂಗತಿ ಬೇರೆ. ತಳ್ಳಲು ಹೊಸ ಗಾಳಿ ಸಿಗದೆ ಫ್ಯಾನಿನ ಹೊರೆ ಕಡಿಮೆಯಾಗಿ, ಮೋಟಾರು ಇನ್ನೂ ವೇಗವಾಗಿ ತಿರುಗುತ್ತದೆ. ಆಗ ಅದು ತಿನ್ನುವ ವಿದ್ಯುತ್ತೂ ಕಡಿಮೆಯೇ. ಆದರೂ ಅಪಾಯವಿದೆ. ಹೆಚ್ಚಿನ ಒಣ ಕ್ಲೀನರ್‌ಗಳಲ್ಲಿ ಮೋಟಾರನ್ನು ತಣಿಸುವುದೂ ಅದೇ ಗಾಳಿ. ಗಾಳಿ ನಿಂತರೆ ಬಿಸಿಯೇರಿ ಸುರುಳಿ ಸುಟ್ಟೀತು. ಬಿಸಿ ಹೆಚ್ಚಾದಾಗ ತಾನೇ ನಿಲ್ಲುವ ಏರ್ಪಾಡು ಯಂತ್ರದಲ್ಲಿ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ನೀರು ಹೀರುವ ಯಂತ್ರಗಳಲ್ಲಿ ಮೋಟಾರಿಗೆ ಬೇರೆಯೇ ಗಾಳಿದಾರಿ ಇರುತ್ತದೆ. ಒಣ ಯಂತ್ರದಿಂದ ಚೆಲ್ಲಿದ ನೀರನ್ನು ಹೀರಿಸುವುದು ಜೀವಕ್ಕೇ ಅಪಾಯ. ಬಿಸಿ ಬೂದಿ, ಅಗರಬತ್ತಿಯ ಕಿಡಿ ಇವೂ ಒಳಗೆ ಹೋಗಬಾರದು.

ನಮ್ಮ ಮನೆಗಳ ಮಾತು

ಯೂರೋಪಿನ ಮನೆಗಳಲ್ಲಿ ಕಾರ್ಪೆಟ್ ಹೆಚ್ಚು. ಕರ್ನಾಟಕದ ಮನೆಗಳಲ್ಲಿ ಮೊಸಾಯಿಕ್, ಟೈಲ್ಸ್, ರೆಡ್ ಆಕ್ಸೈಡ್, ಕಡಪ ಕಲ್ಲಿನ ನೆಲವೇ ಹೆಚ್ಚು. ಇವಕ್ಕೆ ಪೊರಕೆ, ಒದ್ದೆ ಬಟ್ಟೆ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ. ಮನೆಬಾಗಿಲಿಗೆ ಬಂದು ತೋರಿಸಿ ಮಾರುವ ಪದ್ಧತಿಯನ್ನು 1982ರಲ್ಲಿ ಸ್ಥಾಪನೆಯಾದ ಯುರೇಕಾ ಫೋರ್ಬ್ಸ್ ಭಾರತದಲ್ಲಿ ಹೆಸರುವಾಸಿ ಮಾಡಿದ ಮೇಲೆ ಈ ಯಂತ್ರ ನಗರಗಳ ಮಧ್ಯಮವರ್ಗದ ಮನೆಗಳಿಗೂ ಬಂತು. ಇಲ್ಲಿ ಅದರ ನಿಜವಾದ ಉಪಯೋಗ ಹಾಸಿಗೆ, ಸೋಫಾ, ಪರದೆ, ಪುಸ್ತಕದ ಕಪಾಟು, ಕಿಟಕಿಯ ಜಾಲರಿ, ಅಟ್ಟದ ಜೇಡರ ಬಲೆ ಇವುಗಳಲ್ಲಿ. ಆದ್ದರಿಂದ ನೆಲದ ಮೂತಿಗಿಂತ ಸಂದಿನ ಮೂತಿ, ಸಣ್ಣ ಬ್ರಷ್, ಕೊಳವೆಯ ಉದ್ದ ಇವನ್ನು ಹೆಚ್ಚಾಗಿ ನೋಡಬೇಕು.

ಹಾಸಿಗೆಯ ಮೇಲೆ ಯಂತ್ರ ಓಡಿಸಿ, ಬಿಳಿ ಬಟ್ಟೆಯ ಮೇಲೆ ಧೂಳು ಬಂದದ್ದನ್ನು ತೋರಿಸುವುದು ಮಾರಾಟಗಾರರ ಹಳೆಯ ಕ್ರಮ. ಅದು ಸುಳ್ಳಲ್ಲ. ಆದರೆ ಯಾವ ಯಂತ್ರವನ್ನು ಓಡಿಸಿದರೂ ಅಷ್ಟಿಷ್ಟು ಧೂಳು ಬಂದೇ ಬರುತ್ತದೆ. ಎರಡು ಯಂತ್ರಗಳಲ್ಲಿ ಯಾವುದು ಮೇಲು ಎಂಬುದಕ್ಕೆ ಅದು ಉತ್ತರವಾಗುವುದಿಲ್ಲ.

ಉಬ್ಬಸದ ಮಕ್ಕಳ ತಂದೆ ತಾಯಿಯರು ಇನ್ನೊಂದು ಮಾತನ್ನು ನೆನಪಿಡಬೇಕು. ಹಾಸಿಗೆಯ ಧೂಳಿನಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುವ ಧೂಳುಹುಳಗಳು ಇರುತ್ತವೆ. ಅವು ಕಚ್ಚುವುದಿಲ್ಲ, ನಮ್ಮ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು ಬದುಕುತ್ತವೆ. ಅಲರ್ಜಿ ತರುವುದು ಮುಖ್ಯವಾಗಿ ಅವುಗಳ ಹಿಕ್ಕೆ. ಹಿಕ್ಕೆಯನ್ನು ಯಂತ್ರ ಒಂದಷ್ಟು ತೆಗೆಯಬಲ್ಲದು. ಜೀವಂತ ಹುಳಗಳು ಎಳೆಗಳಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುವುದರಿಂದ ಸುಲಭವಾಗಿ ಬರುವುದಿಲ್ಲ. ಹೊದಿಕೆಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ಅವು ಸಾಯುತ್ತವೆ. ಹಾಸಿಗೆಯನ್ನು ಸುಡು ಬಿಸಿಲಿಗೆ ಹಾಕುವ ಅಜ್ಜಿಯ ಕ್ರಮವೂ ಸರಿಯಾದದ್ದೇ. ತೇವವಿಲ್ಲದೆ ಈ ಹುಳಗಳು ಬದುಕಲಾರವು. ವ್ಯಾಕ್ಯೂಮ್ ಕ್ಲೀನರ್ ಇದಕ್ಕೆಲ್ಲ ನೆರವಾದೀತು. ಆದರೆ ಅದೇ ಅಸ್ತಮಾದ ಮದ್ದಲ್ಲ. ಯಂತ್ರ ಓಡಿಸುವಾಗ ಉಬ್ಬಸದವರು ಆ ಕೋಣೆಯಲ್ಲಿ ಇರದಿರುವುದು ಮೇಲು.

ಮನೆಯಲ್ಲೇ ಮಾಡಿ ನೋಡಿ

ವಿದ್ಯಾರ್ಥಿಗಳು ದೊಡ್ಡವರ ಜೊತೆಗೂಡಿ ಮಾಡಬಹುದಾದ ಪರೀಕ್ಷೆಯೊಂದು ಇಲ್ಲಿದೆ. ಬೇಕಾದದ್ದು: ಒಂದು ಗ್ರಾಂವರೆಗೆ ತೋರಿಸುವ ಅಡಿಗೆಮನೆಯ ತಕ್ಕಡಿ, ಕಾಲೊರಸುವ ಒಣ ಮ್ಯಾಟು, ಜರಡಿ ಹಿಡಿದು ಒಣಗಿಸಿದ ಮರಳು 50 ಗ್ರಾಂ. ಹಿಟ್ಟು, ರಂಗೋಲಿ ಪುಡಿಯಂಥ ಅತಿ ನಯವಾದವು ಬೇಡ. ಅವು ಸೋಸಕವನ್ನು ಕಟ್ಟಿಸುತ್ತವೆ.

ಮೊದಲು ಯಂತ್ರದಿಂದ ಮ್ಯಾಟನ್ನು ಚೆನ್ನಾಗಿ ಶುಚಿ ಮಾಡಿ ತೂಗಿ. ಮರಳನ್ನು ಸಮನಾಗಿ ಹರಡಿ, ಲಟ್ಟಣಿಗೆಯಿಂದ ಹತ್ತು ಸಲ ಉರುಳಿಸಿ ಒತ್ತಿ. ಮೂತಿಯನ್ನು ಒಂದೇ ವೇಗದಲ್ಲಿ ಐದು ಬಾರಿ ಹಿಂದೆ ಮುಂದೆ ಎಳೆಯಿರಿ. ಮರಳು ಚೆಲ್ಲದಂತೆ ಮ್ಯಾಟನ್ನು ಮತ್ತೆ ತೂಗಿ. ಮ್ಯಾಟಿನ ತೂಕ 600 ಗ್ರಾಂ ಇದ್ದು, ಕೊನೆಗೆ 615 ಗ್ರಾಂ ತೋರಿಸಿದರೆ, 50ರಲ್ಲಿ 35 ಗ್ರಾಂ ಹೋಯಿತೆಂದು ಅರ್ಥ. ಶೇಕಡಾ 70. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮೂರು ಉತ್ತರಗಳು ಒಂದಕ್ಕೊಂದು ತೀರ ದೂರವಿದ್ದರೆ ಎಳೆದ ವೇಗವೋ ಒತ್ತಿದ ರೀತಿಯೋ ಬದಲಾಗಿದೆ ಎಂದರ್ಥ, ಮತ್ತೆ ಮಾಡಿ.

ಈಗ ಮುಖ್ಯವಾದ ಭಾಗ. ಧೂಳಿನ ಚೀಲ ಅಥವಾ ಪಾತ್ರೆ ಮನೆಯ ಕಸದಿಂದ ಅರ್ಧ ತುಂಬಿದಾಗ ಇದೇ ಪರೀಕ್ಷೆಯನ್ನು ಮತ್ತೆ ಮೂರು ಸಲ ಮಾಡಿ. ಖಾಲಿ ಇದ್ದಾಗಿನ ಸಂಖ್ಯೆಗೂ ಇದಕ್ಕೂ ಎಷ್ಟು ಅಂತರ? ಅಂತರ ಹೆಚ್ಚಾಗಿದ್ದರೆ, ಚೀಲವನ್ನು ಅಥವಾ ಸೋಸಕವನ್ನು ಇನ್ನೂ ಬೇಗ ಬದಲಾಯಿಸಬೇಕೆಂದು ತಿಳಿಯುತ್ತದೆ. ಪಕ್ಕದ ಮನೆಯ ಯಂತ್ರ ಸಿಕ್ಕಿದರೆ ಅದೇ ಮ್ಯಾಟು, ಅದೇ ಮರಳಿನಿಂದ ಅದನ್ನೂ ಪರೀಕ್ಷಿಸಿ. ಎರಡರ ವಾಟ್‌ಗಳನ್ನು ಪಕ್ಕದಲ್ಲಿ ಬರೆದಿಡಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಳ್ಳೆಯ ವಿಷಯವಾದೀತು.

ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳಬೇಕಾದ್ದನ್ನು ಇಷ್ಟರಲ್ಲೇ ಹೇಳಬಹುದು. ಒತ್ತಡ ಮತ್ತು ಗಾಳಿಯ ಹರಿವು ಎರಡೂ ಎಷ್ಟು? ಚೀಲ ತುಂಬಿದ್ದ ಯಂತ್ರವನ್ನು ಓಡಿಸಿ ತೋರಿಸುವಿರಾ? ಸೋಸಕದ ಸುತ್ತ ರಬ್ಬರಿನ ಅಂಚು ಇದೆಯೇ? ಕೊಳವೆ, ಚೀಲ, ಕಾರ್ಬನ್ ಬ್ರಷ್, ಬ್ಯಾಟರಿ ಇವು ಬಿಡಿಯಾಗಿ ಸಿಗುತ್ತವೆಯೇ, ಬೆಲೆ ಎಷ್ಟು? ದುರಸ್ತಿ ಯಾವ ಊರಿನಲ್ಲಿ? ಇವಕ್ಕೆ ನೇರ ಉತ್ತರ ಸಿಕ್ಕಿದ ಮೇಲೆ ಬೇಕಾದರೆ ವಾಟ್ ನೋಡಿ. 1200 ವಾಟ್‌ನ ಯಂತ್ರ ಅರ್ಧ ಗಂಟೆಗೆ 0.6 ಯೂನಿಟ್ ವಿದ್ಯುತ್ ತೆಗೆದುಕೊಳ್ಳುತ್ತದೆ. ಕರೆಂಟ್ ಬಿಲ್ಲಿನ ಲೆಕ್ಕ ಹಾಕಲು ಆ ಸಂಖ್ಯೆ ಖಂಡಿತ ಉಪಯೋಗಕ್ಕೆ ಬರುತ್ತದೆ.